ಉಮ್ರದೀನ್ ಹಾಡದೆ ಬಿಟ್ಟ ಹೆಸರು

ನನ್ನ ಅಜ್ಜ ಉಮ್ರದೀನ್ ಮಾನಗಢದ ಸಿಖ್ ಅರಸರ ಮನೆಯ ಮಿರಾಸಿ. ಅರಮನೆಯಲ್ಲಿ ಮದುವೆಯಾಗಲಿ, ಮಗು ಹುಟ್ಟಲಿ, ಅರಸರ ವಂಶಾವಳಿ ಹಾಡುವುದು ನಮ್ಮ ಮುಸಲ್ಮಾನ ಮನೆತನದ ಕೆಲಸ. ಒಬ್ಬೊಬ್ಬ ಅರಸನ ಹೆಸರಿಗೂ ಒಂದು ಬಿರುದು: ಕುದುರೆಯ ಮೇಲೆಯೇ ಉಂಡವನು, ಬರದಲ್ಲಿ ಕಣಜ ತೆರೆದವನು, ಬಿಳಿಯರಿಗೆ ಒಂಟೆ ಕೊಟ್ಟು ಗದ್ದುಗೆ ಉಳಿಸಿಕೊಂಡವನು. ಮಿರಾಸಿ ಕೊಟ್ಟ ಬಿರುದನ್ನು ಅರಸನೂ ತಿದ್ದುವಂತಿರಲಿಲ್ಲ. ಮಿರಾಸಿ ಹಾಡದೆ ಬಿಟ್ಟ ಹೆಸರು ವಂಶದಿಂದಲೇ ಉದುರಿದಂತೆ.

ದೇಶ ಒಡೆದ ವರ್ಷ ನಮ್ಮ ಕೇರಿಗೆ ಬೆಂಕಿ ಬಿತ್ತು. ಅಜ್ಜ ಹೆಂಡತಿ ಮಕ್ಕಳೊಡನೆ ಕೋಟೆಗೆ ಓಡಿದ. ಬಾಗಿಲು ತೆರೆಯಲು ಮಹಾರಾಜರ ಅಪ್ಪಣೆಯಿಲ್ಲ ಎಂದು ಒಳಗಿನಿಂದ ಕೂಗಿದರು. ಅಜ್ಜನ ಮಗಳು, ನನ್ನ ಸೋದರತ್ತೆ ಜೈನಬ್ ಆ ಕೋಟೆ ಗೋಡೆಯ ಬುಡದಲ್ಲೇ ಪ್ರಾಣ ಬಿಟ್ಟಳು.

ಗಡಿ ದಾಟಿ ಲಾಯಲ್‌ಪುರಕ್ಕೆ ಬಂದ ಮೇಲೂ ಮಾನಗಢದ ನಿರಾಶ್ರಿತರು ಮದುವೆಗಳಲ್ಲಿ ಅಜ್ಜನಿಂದ ಹಾಡಿಸುತ್ತಿದ್ದರು. ಬಿಟ್ಟುಬಂದ ಊರು ಅವನ ಗಂಟಲಲ್ಲಷ್ಟೇ ಉಳಿದಿತ್ತು. ಕೊನೆಯ ಅರಸನ ತಂದೆಯವರೆಗೆ ಬಂದು ಅವನು ನಿಲ್ಲಿಸುತ್ತಿದ್ದ. ಮುಂದೇನೆಂದು ಯಾರೂ ಕೇಳುತ್ತಿರಲಿಲ್ಲ.

ಒಂದು ವರ್ಷ ಗುರುಪರ್ವದ ಹಬ್ಬಕ್ಕೆ ಗಡಿಯಾಚೆಯಿಂದ ಬರುವ ಸಿಖ್ ಯಾತ್ರಿಕರಲ್ಲಿ ಊರಿನವರು ಸಿಕ್ಕಾರೆಂದು ಅಜ್ಜ ನನ್ನನ್ನು ಅವರ ಪುಣ್ಯಕ್ಷೇತ್ರ ನನಕಾನಾ ಸಾಹೇಬಕ್ಕೆ ಕರೆದೊಯ್ದ. ಅರಮನೆಯ ಲಾಯದವನ ಮಗ ಕೇಹರ್ ಸಿಂಗ್ ಸಿಕ್ಕ.

"ಚಾಚಾ, ಪೂರ್ತಿ ಮುದುಕ ಆಗ್ಬಿಟ್ಟೆಯಲ್ಲೋ!"

"ನೀನು ನಿನ್ನ ಪ್ರಾಯಾನ ಪೆಟ್ಟಿಗೇಲಿಟ್ಟು ತಂದಿದೀಯೇನೋ? ಗಡೀಲಿ ಸುಂಕ ಹಾಕ್ಲಿಲ್ವಾ?"

ಇಬ್ಬರೂ ನಕ್ಕರು, ಅತ್ತರು. ಆಮೇಲೆ ಕೇಹರ್ ಸಿಂಗ್ ವಿಷಯಕ್ಕೆ ಬಂದ.

"ರಾಜ್ಯ ಹೋಯ್ತು ಚಾಚಾ. ಅರಮನೇಲಿ ಈಗ ಕಚೇರಿ. ಮಹಾರಾಜ್ರೂ ತೀರ್ಕೊಂಡ್ರು. ಮೊಮ್ಮಗ ಹುಟ್ಟಿದಾನೆ, ವಂಶ ಹಾಡೋಕೆ ಒಬ್ರೂ ಇಲ್ಲ. ನೀನು ಹೇಳು, ನಾನು ಕಲ್ತು ಒಯ್ತೀನಿ."

ಅಜ್ಜ ಕಣ್ಣು ಮುಚ್ಚಿ ಹಾಡಿದ. ಎಂದಿನ ಜಾಗದಲ್ಲಿ ನಿಂತ.

"ಮುಂದೆ?"

"ಮುಂದೆ ನಂಗೆ ದಾರಿ ಇಲ್ಲ."

"ಗೊತ್ತು ಚಾಚಾ. ಆದ್ರೆ ಆ ಹೆಸ್ರು ಬಿಟ್ರೆ ಮಗು ಯಾರಿಗೆ ಸೇರ್ಬೇಕು? ಅದೇನು ಮಾಡ್ತು ನಿಂಗೆ?"

ಅಜ್ಜ ಗಡ್ಡ ನೀವಿ ಶಾಲು ಹೊದ್ದುಕೊಂಡ. ಅವನು ಏಳುತ್ತಾನೆಂದೇ ನಾನು ಚಪ್ಪಲಿ ಹಾಕಿಕೊಂಡೆ. ಆದರೆ ದನಿ ಎದ್ದಿತು, ಒಣಗಿದ ದನಿ.

"ಅವನ ಮಗ ಗುಲ್ಜಾರ್ ಸಿಂಗ್, ಜೈನಬಳಿಗೆ ಬಾಗಿಲು ತೆರೆಯದವನು."

ಕೇಹರ್ ಸಿಂಗನ ಮುಖ ಕಳೆಗುಂದಿತು. "ಇದನ್ನ ಆ ಮನೇಲಿ ಹೆಂಗೆ ಹಾಡ್ಲಿ ಚಾಚಾ?"

"ಹೆಸ್ರು ಬೇಕು ಅಂದೆ. ಬಿರುದಿಲ್ಲದ ಹೆಸ್ರು ನಮ್ಮ ಮನೇಲಿ ಹಾಡಲ್ಲ. ಹೇಳು."

ಕೇಹರ್ ಸಿಂಗ್ ತಡವರಿಸುತ್ತ ಹೇಳಿದ. ಜೈನಬ್ ಎನ್ನುವಲ್ಲಿ ಅವನ ದನಿ ಅಡಗಿತು. ಅಜ್ಜ ಮತ್ತೆ ಹೇಳಿಸಿದ.