ಕಿರಂಗೂರು ಫೈನಲ್‌ನ ನೀರುಗಂಟಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಿರಂಗೂರಿನಾಚೆ ಕಾಲುವೆ ಏರಿಯ ಮೇಲೆ ಕುಳ್ಳಯ್ಯ ಪಂಚೆ ಎತ್ತಿಕಟ್ಟಿ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಬಲಗೈ ಮೊಳಕೈವರೆಗೂ ಏರಿಯ ಮಣ್ಣಿನೊಳಗಿದೆ. ಏನನ್ನೋ ಹುಡುಕುತ್ತಿದ್ದಾರೆ ಅಂದುಕೊಂಡು ನಾನು ಬಗ್ಗಿ ನೋಡುತ್ತೇನೆ. ಹುಡುಕುತ್ತಿಲ್ಲ, ತುಂಬುತ್ತಿದ್ದಾರೆ. ಪಕ್ಕದಲ್ಲಿ ಒಂದು ಮಂಕರಿ ಜೇಡಿಮಣ್ಣು, ಒಂದು ಹಿಡಿ ಒಣಹುಲ್ಲು. ಹುಲ್ಲನ್ನು ಮಣ್ಣಿನಲ್ಲಿ ಕಲಸಿ ತೂತಿಗೆ ತುರುಕಿ, ಮೇಲೆ ಹಿಮ್ಮಡಿಯಿಂದ ಎರಡು ಸಲ ಒತ್ತುತ್ತಾರೆ.

"ಏಡಿ ಬಿಲ ಸಾ. ಮೇಲ್ಗಡೆ ನೋಡುದ್ರೆ ಏನೂ ಕಾಣಾಕಿಲ್ಲ. ಕಾಲ್ವೇಲಿ ನೀರು ಏರ್ತು ಅನ್ನಿ, ಒಳಗೊಳಗೇ ಜಿನುಗಿ ಆ ಮೂಲೆಗೆ ಬಂದ್ಬುಡ್ತದೆ."

ಅವರು ಗದ್ದ ಎತ್ತಿ ತೋರಿಸಿದ ಕಡೆ ಏರಿಯ ಕೆಳಗೆ ಒಂದು ಫುಟ್ಬಾಲ್ ಮೈದಾನವಿದೆ. ಹಸಿರು ಹುಲ್ಲು, ಬಿಳಿ ಸುಣ್ಣದ ಗೆರೆ, ಎರಡು ಕಬ್ಬಿಣದ ಗೋಲು ಕಂಬ. ಮಧ್ಯಾಹ್ನ ಇಲ್ಲಿ ನಾಲ್ಕು ತಾಲ್ಲೂಕುಗಳ ಕಾಲೇಜು ಕಪ್ಪಿನ ಫೈನಲ್. ಕುಳ್ಳಯ್ಯ ಕೋಚೂ ಅಲ್ಲ, ರೆಫ್ರಿಯೂ ಅಲ್ಲ. ಯಾರ ಗದ್ದೆಗೆ ಯಾವಾಗ ನೀರು ಅಂತ ಕಾಲುವೆ ನೀರನ್ನು ಹಂಚಿಕೊಡುವ ನೀರುಗಂಟಿ. ಈ ಫೈನಲ್‌ಗೂ ಅವರಿಗೂ ಇರುವ ನಂಟು ಶುರುವಾದದ್ದು ಒಂದು ದೊಡ್ಡ ಎಡವಟ್ಟಿನಿಂದ.

ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಕಾಲೇಜುಗಳು ಅದಕ್ಕೂ ಮುಂಚಿನಿಂದ ಈ ಕಪ್ಪಿಗೆ ಆಡುತ್ತಿದ್ದವು. ಆಗ ಫೈನಲ್ ಅಂತ ಏನೂ ಇರಲಿಲ್ಲ. ಎಲ್ಲರೂ ಎಲ್ಲರ ಜೊತೆ ಆಡಬೇಕು, ಪಾಯಿಂಟು ಹೆಚ್ಚು ಬಂದವರು ಕಪ್ಪು ಒಯ್ಯಬೇಕು. ಆ ವರ್ಷ ಪಾಂಡವಪುರಕ್ಕೂ ನಾಗಮಂಗಲಕ್ಕೂ ಪಾಯಿಂಟು ಸಮಸಮ ಬಂದುಬಿಟ್ಟವು. ಕಪ್ಪು ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಇರಲಿ ಅಂದರು ಹಿರಿಯರು. ಹುಡುಗರು ಒಪ್ಪಲಿಲ್ಲ. ಕೊನೆಗೆ, ಇಬ್ಬರಿಗೂ ಸೇರದ ಜಾಗದಲ್ಲಿ ಒಂದೇ ಒಂದು ಆಟ ಆಡಿ ಮುಗಿಸಿ ಅಂತ ಆಯಿತು. ಸಿಕ್ಕಿದ್ದು ಕಿರಂಗೂರಿನ ಈ ಗೋಮಾಳ.

ಗೋಮಾಳ ಅಂದರೆ ಬರೀ ಧೂಳು. ಎತ್ತು ನಡೆದರೂ ಎದ್ದುಬರುವ ಧೂಳು. ಹಿಂದಿನ ಸಂಜೆ ಕಾಲೇಜಿನವರು ಬಂದು, ನಾಳೆ ಆಟ ಇದೆ, ಸ್ವಲ್ಪ ನೀರು ಬಿಟ್ಟು ಧೂಳು ಕೂರಿಸಪ್ಪ ಅಂತ ಕುಳ್ಳಯ್ಯನಿಗೆ ಹೇಳಿ ಹೋದರು. ಆಗಷ್ಟೇ ಕೆಲಸಕ್ಕೆ ಸೇರಿದ್ದ ಕುಳ್ಳಯ್ಯ ಅಲ್ಲಿಯವರೆಗೆ ಫುಟ್ಬಾಲ್ ಆಟ ಕಣ್ಣಲ್ಲೂ ಕಂಡವರಲ್ಲ. ನೆಲ ನೀರು ಕೇಳಿದೆ ಅಂದಮೇಲೆ ಹೊಟ್ಟೆ ತುಂಬ ಕುಡಿಯಲಿ ಅಂತ, ಗದ್ದೆಗೆ ಕಟ್ಟುವ ಹಾಗೇ ನೀರು ಕಟ್ಟಿ, ಸುತ್ತ ಬದುವನ್ನೂ ಹಾಕಿ ಮನೆಗೆ ಹೋದರು. ನಾಲ್ಕೂ ಕಡೆ ಒಂದೇ ಸಮ ನಿಂತಿದೆ ಅಂತ ಅವರಿಗೆ ಹೆಮ್ಮೆ ಬೇರೆ!

ಬೆಳಗ್ಗೆ ಬಂದು ನೋಡಿದವರಿಗೆ ನಾಟಿಗೆ ಸಿದ್ಧವಾದ ಗದ್ದೆ ಕಂಡಿತು.

"ಪೈರು ಒಂದ್ ತಂದಿದ್ರೆ ನೆಟ್ಟು ಹೋಗ್ಬೋದಿತ್ತು," ಅಂತ ನಗುತ್ತಾರೆ ಹಫೀಜ್. ಅವರು ಆ ದಿನ ಪಾಂಡವಪುರದ ಗೋಲ್‌ಕೀಪರ್, ಈಗ ಅದೇ ಊರಲ್ಲಿ ಲಾರಿ ಟೈರಿನ ಅಂಗಡಿ. ಯಾವ ಫೈನಲ್ಲನ್ನೂ ತಪ್ಪಿಸಿಕೊಂಡವರಲ್ಲ. ಎರಡೂ ಬಸ್ಸು ಬಂದಾಗಿತ್ತು, ಜನ ಸೇರಿದ್ದರು, ವಾಪಸ್ಸು ಹೋಗುವ ಮನಸ್ಸು ಯಾರಿಗೂ ಇರಲಿಲ್ಲ. ಬೂಟು ಬಿಚ್ಚಿಟ್ಟು ಬರಿಗಾಲಲ್ಲೇ ಇಳಿದರಂತೆ. ಚೆಂಡು ಬಿದ್ದ ಕಡೆ ಬಿದ್ದಹಾಗೇ ಕೂರುತ್ತಿತ್ತಂತೆ.

ಆದರೆ ನಗುವಿನ ಒಳಗೆ ಒಂದು ಮುಳ್ಳಿದೆ. ಪಾಂಡವಪುರದ ಹುಡುಗರು ಕಾಲುವೆ ಬಯಲಿನವರು, ಕೆಸರು ಗದ್ದೆಯಲ್ಲಿ ಓಡಾಡಿ ಬೆಳೆದವರು. ನಾಗಮಂಗಲದವರು ರಾಗಿ, ಹುರುಳಿ ಬೆಳೆಯುವ ಬೆದ್ದಲಿನವರು. ಗಟ್ಟಿ ನೆಲದಲ್ಲಿ ಅವರನ್ನು ಹಿಡಿಯುವವರಿರಲಿಲ್ಲ. ಕೆಸರಲ್ಲಿ ಹೆಜ್ಜೆ ಕೀಳುವುದೇ ಅವರಿಗೆ ಕಷ್ಟವಾಯಿತು. ಪಾಂಡವಪುರ ಗೆದ್ದಿತು. ನೀರುಗಂಟಿ ಕಾಲುವೆ ಕಡೆಯವನು, ಬೇಕಂತಲೇ ನೀರು ಬಿಟ್ಟ ಅಂದರು ನಾಗಮಂಗಲದವರು. ಆಟ ಮುಗಿದ ಮೇಲೆ ಎಲ್ಲರೂ ಕಾಲುವೆಯಲ್ಲಿ ಕಾಲು ತೊಳೆದುಕೊಂಡರು, ಅವರು ಮಾತ್ರ ಇಳಿಯಲಿಲ್ಲ. ಮೊಳಕಾಲುವರೆಗೂ ಮೆತ್ತಿದ ಮಣ್ಣಿನಲ್ಲೇ ಬಸ್ಸು ಹತ್ತಿದರು.

"ಬಯ್ದಿದ್ದು ಮರ್ತೋಯ್ತು ಸಾ. ಆ ಮಣ್ಣುಗಾಲು ಮರೀನಿಲ್ಲ," ಅಂತಾರೆ ಕುಳ್ಳಯ್ಯ. ಮತ್ತೆ ಮುಂದಿನ ಬಿಲಕ್ಕೆ ಕೈ ಹಾಕುತ್ತಾರೆ.

ಅಲ್ಲಿಂದ ಈ ಮೈದಾನ ಅವರ ಪಾಲಿಗೆ ಬಂತು. ಯಾರೂ ನೇಮಿಸಲಿಲ್ಲ, ಇವರು ಯಾರನ್ನೂ ಕೇಳಲೂ ಇಲ್ಲ. ಆ ಎಡವಟ್ಟಿನ ನೀರಿಗೇ ಅಲ್ಲಲ್ಲಿ ಗರಿಕೆ ಚಿಗುರಿತ್ತು. ಅದನ್ನೇ ಕಿತ್ತು ಹಂಚಿ ನೆಟ್ಟರು. ಸುತ್ತ ನೀರು ಬಸಿದುಹೋಗುವ ಕಾಲುವೆ ತೋಡಿದರು. ನೆಲದ ಹದ ನೋಡುವುದು ಅವರು ಹಿಮ್ಮಡಿಯಿಂದ. ಊರಿ ತೆಗೆದ ಗುರುತಿನಲ್ಲಿ ನೀರು ಮಿನುಗಿದರೆ ಬೆದ್ದಲಿನವರಿಗೆ ಅನ್ಯಾಯ, ಗುರುತೇ ಬೀಳದಿದ್ದರೆ ಗದ್ದೆಯವರಿಗೆ ಅನ್ಯಾಯ. ಇಬ್ಬರಿಗೂ ಸಮ ಬರುವ ತನಕ ಅವರಿಗೆ ಊಟ ಸೇರುವುದಿಲ್ಲ ಅಂತ ಊರಿನವರು ರೇಗಿಸುತ್ತಾರೆ.

ಒಂದೇ ವರ್ಷಕ್ಕೆ ಅಂದುಕೊಂಡಿದ್ದ ಫೈನಲ್ ಪ್ರತಿ ವರ್ಷದ್ದಾಯಿತು, ಜಾಗವೂ ಬದಲಾಗಲಿಲ್ಲ. ಕೆ.ಆರ್.ಪೇಟೆಯವರಂತೂ ನಡುವೆ ಕೆಲವು ವರ್ಷ ಕಪ್ಪನ್ನು ಮನೆ ಪಾತ್ರೆ ಅನ್ನುವಂತೆ ಇಟ್ಟುಕೊಂಡಿದ್ದರು. ಶ್ರೀರಂಗಪಟ್ಟಣದವರಿಗೆ ಮೈದಾನ ಹಿತ್ತಲಿನಷ್ಟು ಹತ್ತಿರ, ಆದರೂ ಬಹಳ ಕಾಲ ಸೋತು ಸೋತು ಒಮ್ಮೆ ಗೆದ್ದಾಗ ಅತ್ತೇಬಿಟ್ಟರು. ನಾಗಮಂಗಲ ಮಾತ್ರ ಆಮೇಲೆ ಫೈನಲ್‌ಗೆ ಬರಲೇ ಇಲ್ಲ. ಬಂದಿದ್ದು ಈ ವರ್ಷ. ಎದುರಾಳಿ ಯಾರು ಅಂತೀರಿ? ಅದೇ ಪಾಂಡವಪುರ.

ಸಾಲದ್ದಕ್ಕೆ ಕಾಲುವೆ ಸರದಿಯೂ ಇವತ್ತೇ ಬಿದ್ದಿದೆ. ಮೈದಾನದ ಪಕ್ಕದ ಗದ್ದೆ ಪಾರ್ವತಮ್ಮನದು. ಇವತ್ತು ಬೆಳಗ್ಗೆಯಿಂದ ನೀರು ಅವರ ಪಾಲು. ಅವರ ಗದ್ದೆಗೆ ನೀರು ಹತ್ತಬೇಕಾದರೆ ಕಾಲುವೆಗೆ ಅಡ್ಡ ಹಲಗೆ ಇಟ್ಟು ನೀರೇರಿಸಬೇಕು. ನೀರೇರಿದರೆ ಏಡಿ ಬಿಲಗಳಿಂದ ಮೈದಾನದ ಮೂಲೆಗೆ ಜಿನುಗುವುದು ಖಂಡಿತ. ಎಷ್ಟು ಮುಚ್ಚಿದರೂ ಒಂದಾದರೂ ಉಳಿದಿರುತ್ತದೆ. ಯಾರ ಸರದಿಯನ್ನೂ ಯಾರಿಗೂ ಬದಲಿಸಿಕೊಟ್ಟವರಲ್ಲ ಕುಳ್ಳಯ್ಯ. ಸ್ವಂತ ಭಾವನ ಜೊತೆ ಅದಕ್ಕೇ ಮಾತು ಬಿಟ್ಟವರು. ಅಂಥವರು ನಿನ್ನೆ ಪಾರ್ವತಮ್ಮನ ಜಗಲಿ ಮೇಲೆ ಕೂತು, ನೀರನ್ನು ಸಂಜೆಗೆ ತಗೋತೀಯಾ ಅಕ್ಕ ಅಂತ ಕೇಳಿದ್ದಾರೆ.

ಪಾರ್ವತಮ್ಮ ಬಾಯಿಗೆ ಬಂದ ಹಾಗೆ ಬಯ್ದರಂತೆ. ಚೆಂಡಾಡುವವರಿಗೋಸ್ಕರ ನನ್ನ ಪೈರು ಒಣಗಿಸ್ತೀಯಾ, ನಿನಗೆ ಬುದ್ಧಿ ನೆಟ್ಟಗಿದೆಯಾ ಅಂತೆಲ್ಲ ಆಯಿತಂತೆ. ಬಯ್ಗುಳ ಮುಗಿದ ಮೇಲೆ, ಆಡುವವರು ಯಾವ ಊರಿನವರು ಅಂತ ಕೇಳಿದ್ದಾರೆ. ನಾಗಮಂಗಲ ಅಂದಾಕ್ಷಣ ಮುಖ ಬದಲಾಯಿತು. ಪಾರ್ವತಮ್ಮನ ತವರು ನಾಗಮಂಗಲದ ಪಕ್ಕದ ಹಳ್ಳಿ.

"ಸಂಜೆ ಗಂಟ ತಡ್ಕೋತೀನಿ ಕಣ್ಲಾ. ಆದ್ರೆ ನಮ್ಮೂರ ಐಕ್ಳು ಜಾರಿ ಬಿದ್ರೆ ನಿನ್ನ ಈ ಕಡೆ ಕಾಲಿಕ್ಕಕ್ಕೆ ಬುಡಾಕಿಲ್ಲ," ಅಂದರಂತೆ.

ಮಧ್ಯಾಹ್ನದ ಹೊತ್ತಿಗೆ ಏರಿ ತುಂಬ ಜನ. ಶ್ರೀರಂಗಪಟ್ಟಣ ಕಾಲೇಜಿನ ಕ್ರೀಡಾ ಮೇಡಂ ಪ್ರಮೀಳಾ ಈ ವರ್ಷದ ಉಸ್ತುವಾರಿ. ಮೈದಾನ ಹೇಗಿದೆ ಮೇಡಂ ಅಂತ ಕೇಳಿದೆ. ನೋಡುವುದಕ್ಕೇ ಹೋಗಿಲ್ಲ, ಕುಳ್ಳಯ್ಯ ಊಟಕ್ಕೆ ಕೂತರಲ್ಲ, ಅಷ್ಟು ಸಾಕು ಅಂದರು. ಹಫೀಜ್ ಪಾಂಡವಪುರದ ಬಾವುಟದ ಕೆಳಗೆ ಕೂತಿದ್ದಾರೆ. ಪಾರ್ವತಮ್ಮ ನೀರು ತಿರುಗಿಸುವ ಸನಿಕೆ ಹಿಡಿದು ತಮ್ಮ ಬದುವಿನ ಮೇಲೆ ನಿಂತಿದ್ದಾರೆ. ಆಟ ನೋಡುವುದಕ್ಕೆ ಸನಿಕೆ ಯಾಕೆ ಅಂತ ಕೇಳುವ ಧೈರ್ಯ ನನಗಿಲ್ಲ.

ನನಗೆ ಫುಟ್ಬಾಲ್ ಅಷ್ಟಕ್ಕಷ್ಟೆ. ನಾನು ನೋಡುತ್ತಿರುವುದು ಕುಳ್ಳಯ್ಯನ ಮುಖ. ಅವರು ಚೆಂಡನ್ನು ನೋಡುತ್ತಿಲ್ಲ, ಹುಡುಗರ ಕಾಲನ್ನು ನೋಡುತ್ತಿದ್ದಾರೆ. ವಿರಾಮದ ನಂತರ ನಾಗಮಂಗಲದ ನಾಯಕ ಚೆಂಡು ಬೆನ್ನಟ್ಟಿ ಸೀದಾ ಆ ಮೂಲೆಗೇ ಓಡಿ, ಜಾರಿ, ಅಂಗಾತ ಬಿದ್ದ. "ನೀರು, ನೀರು" ಅಂತ ಏರಿಯ ಒಂದು ಕಡೆಯಿಂದ ಕೂಗೆದ್ದಿತು. ಕುಳ್ಳಯ್ಯ ಎದ್ದು ನಿಂತರು. ಹೆಗಲ ಮೇಲಿನ ಟವೆಲ್ಲು ಕೆಳಗೆ ಬಿದ್ದದ್ದೂ ಅವರಿಗೆ ಗೊತ್ತಾಗಲಿಲ್ಲ. ರೆಫ್ರಿ ಹೋಗಿ ಹುಲ್ಲಿನ ಮೇಲೆ ಅಂಗೈ ಊರಿ, ಎತ್ತಿ ಜನರ ಕಡೆಗೆ ತೋರಿಸಿದರು. ಕೈಗೆ ಮಣ್ಣು ಮೆತ್ತಿರಲಿಲ್ಲ. ಹುಡುಗ ಎದ್ದು ಬಿಚ್ಚಿಹೋಗಿದ್ದ ಬೂಟಿನ ಲೇಸು ಕಟ್ಟಿಕೊಂಡು ಮತ್ತೆ ಓಡಿದ. ಕುಳ್ಳಯ್ಯ ಟವೆಲ್ಲು ಎತ್ತಿಕೊಂಡು ಕೂತರು.

ಒಂದೇ ಗೋಲಿನಲ್ಲಿ ನಾಗಮಂಗಲ ಸೋತಿತು, ಅದೂ ಆಟ ಮುಗಿಯುವ ಹೊತ್ತಿಗೆ. ಹಫೀಜ್ ಕುಣಿದರು. ಪಾರ್ವತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಆ ನಾಯಕನ ಹತ್ತಿರ ಹೋಗಿ ಮೈದಾನದ ಬಗ್ಗೆ ಕೇಳಿದೆ. ಹುಡುಗ ನನ್ನನ್ನು ವಿಚಿತ್ರವಾಗಿ ನೋಡಿದ. "ಗ್ರೌಂಡ್‌ದೇನ್ ಸಾರ್ ತಪ್ಪು? ಅವ್ರು ಚೆನ್ನಾಗಿ ಆಡುದ್ರು, ಗೆದ್ರು," ಅಂದ. ಹಳೆಯ ಕಥೆ ಅವನಿಗೆ ಗೊತ್ತೇ ಇರಲಿಲ್ಲ.

ಕುಳ್ಳಯ್ಯ ಅಷ್ಟರಲ್ಲಿ ಹಲಗೆ ಇಟ್ಟು ನೀರೇರಿಸಿದ್ದಾರೆ. ಪಾರ್ವತಮ್ಮನ ಗದ್ದೆಗೆ ನೀರು ಹತ್ತಬೇಕು, ಕೊಟ್ಟ ಮಾತು. ತುಂಬಿ ಬಂದ ಕಾಲುವೆಯ ಅಂಚಿನಲ್ಲಿ ನಾಗಮಂಗಲದ ಹುಡುಗರು ಸಾಲಾಗಿ ಕೂತು ಬೂಟು ಬಿಚ್ಚಿ ನೀರಿಗೆ ಕಾಲು ಬಿಟ್ಟಿದ್ದಾರೆ. ಒಬ್ಬ ಇನ್ನೊಬ್ಬನಿಗೆ ನೀರೆರಚುತ್ತಿದ್ದಾನೆ. ನೀರು ಬಗ್ಗಡವಾಗಿ ಗದ್ದೆ ಕಡೆ ಹರಿಯುತ್ತಿದೆ. ಪಾರ್ವತಮ್ಮ ಬಯ್ಯುತ್ತಾರೆ ಅಂದುಕೊಂಡೆ. ಅವರು ಸನಿಕೆಗೆ ಒರಗಿ ಸುಮ್ಮನೆ ನೋಡುತ್ತಿದ್ದರು.

ನಾಯಕ ಹೇಳಿದ್ದನ್ನು ಕುಳ್ಳಯ್ಯನಿಗೆ ತಲುಪಿಸಿದೆ. ಅವರು ತಲೆಯಾಡಿಸಿದರು, ಅದೇನೂ ದೊಡ್ಡ ವಿಷಯವಲ್ಲ ಅನ್ನುವ ಹಾಗೆ. ಕಣ್ಣು ಮಾತ್ರ ಆ ಹುಡುಗರ ಕಾಲಿನ ಮೇಲೇ ಇತ್ತು.

"ಮಣ್ಣುಗಾಲಲ್ಲಿ ಬಸ್ ಅತ್ತಿದ್ದೋರು, ಇವತ್ತು ಕಾಲ್ ತೊಳ್ಕೊಂಡ್ ಒಂಟವ್ರೆ ಸಾ," ಅಂದರು. "ಇಷ್ಟ್ ಸಾಕು."