ಒರೆಸಿದಷ್ಟೂ ಒದ್ದೆಯಾಗುವ ಯಂತ್ರ

ನನಗೆ ಸರಿಯಾಗಿ ಹೇಳಲು ಬರುವುದಿಲ್ಲ, ಮೊದಲೇ ಕ್ಷಮೆ ಕೇಳುತ್ತೇನೆ. ದುಬೈಯಲ್ಲಿ ಹಿಮ ಎಲ್ಲಿಂದ ಬಂತು ಎನ್ನಬೇಡಿ. ನಾನು ಕೆಲಸ ಮಾಡುವುದು ಮಾಲ್ ಒಳಗಿನ ಹಿಮದ ಆಟದ ಹಾಲ್‌ನಲ್ಲಿ. ಅಲ್ಲಿ ಹಿಮ ಬಾಚುವ ಯಂತ್ರವೊಂದಿದೆ. ಬೇರೆ ದೇಶಗಳಲ್ಲಿ ಅದನ್ನು ಬೇಸಿಗೆ ಬಂದಾಗ ಎತ್ತಿಡುತ್ತಾರಂತೆ. ನಮ್ಮಲ್ಲಿ ಬೇಸಿಗೆಯಲ್ಲೇ ಜನಜಂಗುಳಿ, ಆದ್ದರಿಂದ ಚಳಿಗಾಲದಲ್ಲಿ ಹಾಲ್ ಮುಚ್ಚಿ ಎತ್ತಿಡುತ್ತೇವೆ. ಇದೇ ನನಗೆ ಇನ್ನೂ ತಲೆಗೆ ಹತ್ತಿಲ್ಲ.

ಮೊನ್ನೆ ಆ ಕೆಲಸ ನನಗೆ ಬಂತು. "ತುಕ್ಕು ಹಿಡಿದ್ರೆ ನಿಮ್ಮ ಪ್ರೊಬೇಷನ್ ಖಲಾಸ್," ಎಂದರು ನನ್ನ ಸೂಪರ್‌ವೈಸರ್, ಮಂಗಳೂರಿನ ರೋಶನ್. ಅಂಟಿದ್ದ ಹಿಮವನ್ನೆಲ್ಲ ಕೆರೆದು, ಒರೆಸಿ, ಯಂತ್ರವನ್ನು ಹೊರಗಿನ ಗೋದಾಮಿಗೆ ತಳ್ಳಿಕೊಂಡು ಬಂದೆ. ತಿರುಗಿ ನೋಡಿದರೆ ಅದರ ಮೈಯೆಲ್ಲ ನೀರು. ಒರೆಸಿದೆ. ಮತ್ತೆ ನೀರು. ಎಲ್ಲೋ ಸೋರುತ್ತಿದೆ ಎಂದು ಮುಚ್ಚಳ ಬಿಚ್ಚಿದೆ. ಒಳಗೆ ನೀರಿನ ಟ್ಯಾಂಕೇ ಇರಲಿಲ್ಲ. ಅಷ್ಟರಲ್ಲಿ ರೋಶನ್ ಬಂದರು.

"ಎಂತದು ಮಾರಾಯ್ರೆ, ತೊಳೆದ್ರಾ?"

"ಇಲ್ಲ ಸರ್, ಒರೆಸ್ತಾ ಇದೀನಿ."

"ಒರೆಸಿದ್ರೆ ಒದ್ದೆ ಆಗ್ತದಾ?"

ರೋಶನ್ ತಾವೂ ಒಂದು ಬಟ್ಟೆ ಹಿಡಿದರು. ಆಮೇಲೆ ಎಸಿ ಸೋರುತ್ತಿದೆಯೇನೋ ಎಂದು ಇಬ್ಬರೂ ಮೇಲೆ ನೋಡಿದೆವು. ಗೋದಾಮಿಗೆ ಎಸಿಯೇ ಇಲ್ಲ.

ಈಗ ಕಾರಣ ಗೊತ್ತಾಗಿದೆ, ವಿವರಿಸುತ್ತೇನೆ. ಯಂತ್ರ ತಣ್ಣಗಿರುತ್ತದೆ, ಹೊರಗಿನ ಗಾಳಿ ಬೆಚ್ಚಗೆ, ಅದರಲ್ಲಿ ಸಮುದ್ರದ ತೇವ ಬೇರೆ; ತಣ್ಣನೆಯ ಮೈಗೆ ತಾಗಿದ ಕೂಡಲೇ ಆ ತೇವ ನೀರಾಗುತ್ತದೆ. ಆದ್ದರಿಂದ ಇವತ್ತು ಯಂತ್ರವನ್ನು ಮತ್ತೆ ಒಳಗೆ ಒಯ್ದು, ಒರೆಸಲೂ ಹೋಗದೆ, ಹಾಲ್‌ನೊಳಗೇ ಪ್ಲಾಸ್ಟಿಕ್ ಸುತ್ತಿ ಹೊರಗೆ ತಂದಿದ್ದೇನೆ. ಇನ್ನು ನೀರು ಪ್ಲಾಸ್ಟಿಕ್ ಮೇಲೆ ನಿಲ್ಲುತ್ತದೆ, ಯಂತ್ರದ ಮೇಲಲ್ಲ, ಯಾಕೆಂದರೆ... ಇರಿ, ರೋಶನ್ ಕೂಗುತ್ತಿದ್ದಾರೆ. ಪ್ಲಾಸ್ಟಿಕ್ ಒಳಗೂ ನೀರಿದೆಯಂತೆ.