ಅಣ್ಣ ಹೊಳಪಿಸಿದ ಸಿಲಿಂಡರ್

ಅಣ್ಣ ತೀರಿಕೊಂಡು ತಿಂಗಳಾಗಿರಲಿಲ್ಲ, ವೈನಿ ಫೋನು ಮಾಡಿ ಇಂಜಿನ್ ಶುರುವಾಗುತ್ತಿಲ್ಲ ಎಂದಳು. ವೈನಿ ಎಂದರೆ ಅಣ್ಣನ ಹೆಂಡತಿ. ಕೊಹೀರಿನ ನನ್ನ ಮನೆಯಿಂದ ಬಸ್ಸು ಬದಲಿಸಿ ತಾಂಡೂರಿನ ಹತ್ತಿರದ ತವರಿಗೆ ಹೋಗುವಷ್ಟರಲ್ಲಿ ನನ್ನ ಸಿಟ್ಟು ನೆತ್ತಿಗೇರಿತ್ತು. ಯಾರ ಮೇಲೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಸತ್ತವನ ಮೇಲೆ ಹರಿಹಾಯಲು ಆಗುವುದಿಲ್ಲವಲ್ಲ, ಎದುರಿಗೆ ಸಿಕ್ಕ ಕಂಡಕ್ಟರನ ಮೇಲೆ ತೀರಿಸಿಕೊಂಡೆ.

ಅಣ್ಣ ತಾಂಡೂರಿನ ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ದುಡಿದವನು. ನೆಲಕ್ಕೆ ಹಾಸುವ ಬಂಡೆಯನ್ನು ಮೊದಲು ಒರಟು ಕಲ್ಲಿನಿಂದ, ಆಮೇಲೆ ನಯದ್ದರಿಂದ, ಕೊನೆಗೆ ಬಟ್ಟೆಯಿಂದ ಉಜ್ಜುವುದು ಅವನ ಕೆಲಸ. ಮುಖ ಕಾಣುವ ತನಕ ಬಿಡುತ್ತಿರಲಿಲ್ಲ. ಧೂಳು ಎದೆಯಲ್ಲಿ ಕೂತು ಕೆಮ್ಮು ಹತ್ತಿದ ಮೇಲೆ ಡಾಕ್ಟರು ಕೆಲಸ ಬಿಡಿಸಿದರು. ಆಗ ನಾರಾಯಣಖೇಡದ ಕಡೆ, ಯಾವುದೋ ಪಾಳು ಬಾವಿಯ ಪಕ್ಕ ತುಕ್ಕು ಹಿಡಿದು ಕೂತಿದ್ದ ಅಜ್ಜನ ಕಾಲದ ಡೀಸೆಲ್ ಇಂಜಿನ್ ಅವನ ಕಣ್ಣಿಗೆ ಬಿತ್ತು. ಒಂದೇ ಸಿಲಿಂಡರ್, ಎರಡೂ ಬದಿಗೆ ಭಾರವಾದ ಕಬ್ಬಿಣದ ಚಕ್ರ. ಅದನ್ನು ಟ್ರಾಲಿಯ ಮೇಲೆ ಕೂಡಿಸಿ, ಹಿಟ್ಟಿನ ಗಿರಣಿ ಜೋಡಿಸಿ, ಪೆದ್ದೆಮುಲ್ ಕಡೆಯ ಹಳ್ಳಿಗಳಲ್ಲಿ ಮನೆಮನೆಯ ಮುಂದೆ ನಿಂತು ಜೋಳ, ಖಾರ ಬೀಸಿಕೊಡಬೇಕು ಎಂದುಕೊಂಡಿದ್ದ.

ಮಳೆಗಾಲವೆಲ್ಲ ಅಂಗಳದ ತಗಡಿನ ಕೆಳಗೆ ಕೂತು ಬಿಚ್ಚಿದ, ಉಜ್ಜಿದ. ಜಹೀರಾಬಾದಿನಿಂದ ಹೊಸ ಪಿಸ್ಟನ್, ಅದರ ಸುತ್ತ ಬಿಗಿಯಾಗಿ ಕೂಡುವ ರಿಂಗು ತಂದ. ಪೂರ್ತಿ ಜೋಡಿಸಿದ ದಿನ ನಾನೂ ಅಲ್ಲಿದ್ದೆ. ಒಂದೇ ಕೈಯಿಂದ ಚಕ್ರ ಸುತ್ತಿಸಿ, "ನೋಡವ್ವ, ಎಷ್ಟು ಹಗುರ ತಿರಗತದ! ಬೆಣ್ಣಿ ಆಗ್ಯಾದ ಬೆಣ್ಣಿ" ಎಂದು ಮಗುವಿನ ಹಾಗೆ ನಕ್ಕ. ಡೀಸೆಲ್ ಹಾಕುವ ಮೊದಲೇ ಆಸ್ಪತ್ರೆ ಸೇರಿದ. ಅಲ್ಲಿಂದ ಹೆಣವಾಗಿ ಬಂದ.

ಗಿರಣಿ ನಡೆಯದಿದ್ದರೆ ವೈನಿಗೆ ಉಳಿದದ್ದು ಒಂದೇ ದಾರಿ. ಗಂಡನ ಜಾಗಕ್ಕೆ ನೀನು ಬಾ ಎಂದು ಕಾರ್ಖಾನೆಯವರು ಆಗಲೇ ಹೇಳಿ ಕಳಿಸಿದ್ದರು. ಅದೇ ಯಂತ್ರ, ಅದೇ ಧೂಳು. ಅವಳು ಬರುವುದಿಲ್ಲ ಎಂದಿರಲಿಲ್ಲ, ಬರುತ್ತೇನೆ ಎಂದೂ ಹೇಳಿರಲಿಲ್ಲ.

ಜಹೀರಾಬಾದಿನಿಂದ ಕರೆಸಿದ ಇಂಜಿನ್ ಮಿಸ್ತ್ರಿ ಮಹಾ ಬಾಯಿಬಡುಕ. ಚಕ್ರಕ್ಕೆ ಕೈ ಹಚ್ಚಿದವನೇ, "ಇದರಾಗ ಕಂಪ್ರೆಷನ್ನೇ ಇಲ್ಲರಿ ಅಕ್ಕ" ಎಂದ. ಪಿಸ್ಟನ್ ಮೇಲೇರುವಾಗ ಒಳಗಿನ ಗಾಳಿಯನ್ನು ಗಟ್ಟಿಯಾಗಿ ಒತ್ತಬೇಕು, ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುವುದು. ಆಗ ಚಕ್ರ ಕೈಯನ್ನು ಹಿಂದಕ್ಕೆ ದಬ್ಬಬೇಕು ಎಂದು ವಿವರಿಸಿದ. ನಮ್ಮದು ಸುಮ್ಮನೆ ತಿರುಗುತ್ತಿತ್ತು. ಬೆಣ್ಣಿ ಆಗ್ಯಾದ ಎಂದು ಅಣ್ಣ ಹಿಗ್ಗಿದ್ದು ಇಂಜಿನ್ನಿನ ರೋಗ ನೋಡಿ.

ಗಾಳಿ ಎಲ್ಲಿಂದ ಸೋರುತ್ತಿದೆ ಎಂಬುದೇ ಪ್ರಶ್ನೆ. ಮೇಲಿನ ಮುಚ್ಚಳದ ಸಂದಿಗೆ ಹಾಕುವ ಗ್ಯಾಸ್ಕೆಟ್ ಹೋಗಿದೆ ಎಂದ ಮಿಸ್ತ್ರಿ. ಬದಲಿಸಿದ, ಉಪಯೋಗವಾಗಲಿಲ್ಲ. ವಾಲ್ವ್ ಸರಿಯಾಗಿ ಕೂಡುತ್ತಿಲ್ಲ, ಇದು ಮಾತ್ರ ಪಕ್ಕಾ ಎಂದ. ಉಜ್ಜಿ ಕೂಡಿಸಿ ಮೇಲೆ ಸೀಮೆಎಣ್ಣೆ ಸುರಿದು ನೋಡಿದರೆ ಒಂದು ಹನಿ ಇಳಿಯಲಿಲ್ಲ. ಚಕ್ರ ಮಾತ್ರ ಮೊದಲಿನ ಹಾಗೇ ಹಗುರ. ಅಂಗಡಿಯವನು ಖರಾಬ್ ರಿಂಗು ಕೊಟ್ಟಿದ್ದಾನೆ ಎಂದು ನಾನು ವಾದಕ್ಕೆ ಇಳಿದೆ. ತಪ್ಪು ಅಂಗಡಿಯದಾಗಲಿ, ಮಿಸ್ತ್ರಿಯದಾಗಲಿ, ಅಣ್ಣನದಾಗುವುದು ನನಗೆ ಬೇಕಿರಲಿಲ್ಲ.

ಮಿಸ್ತ್ರಿ ಮಾತು ಕಡಿಮೆ ಮಾಡಿ, ಮೇಲಿನ ತೂತಿನಿಂದ ಸಿಲಿಂಡರಿನೊಳಗೆ ಒಂದಿಷ್ಟು ಎಣ್ಣೆ ಬಿಟ್ಟ. ಈಗ ಚಕ್ರ ತಿರುಗಿಸಲು ಅವನಿಗೂ ದಮ್ಮು ಕಟ್ಟಿತು. ಹ್ಯಾಂಡಲ್ ಹೊಡೆದಾಗ ಇಂಜಿನ್ ಬಿಳಿ ಹೊಗೆ ಉಗುಳುತ್ತ ಸ್ವಲ್ಪ ಹೊತ್ತು ಓಡಿತು. ಎಣ್ಣೆ ಸುಟ್ಟು ಹೋಗುತ್ತಲೇ ನಿಂತಿತು. "ಎಣ್ಣಿ ಸಂದಿ ಮುಚ್ಚಿದಾಗ ನಡೀತು. ಅಂದ್ರ ಗಾಳಿ ರಿಂಗಿನ ಮಗ್ಗಲಿಂದ ಹೋಗ್ಲಿಕ್ಕತ್ತದ" ಎಂದು ಎಲ್ಲವನ್ನೂ ಬಿಚ್ಚಿದ.

ಸಿಲಿಂಡರಿನ ಒಳಗೆ ಬ್ಯಾಟರಿ ಬೆಳಕು ಬಿಟ್ಟವನು ಹಾಗೇ ನಿಂತ. "ಯಾರು ಮಾಡ್ಯಾರ ಇದು?"

"ನಮ್ಮಣ್ಣ" ಎಂದೆ. ಹೆಮ್ಮೆಯಿಂದಲೇ ಹೇಳಿದೆ. ಒಳಗೋಡೆ ಕನ್ನಡಿಯಾಗಿತ್ತು. ಬಗ್ಗಿದರೆ ನನ್ನ ಮುಖ ಉದ್ದುದ್ದವಾಗಿ ಕಂಡಿತು. ತುಕ್ಕು ತೆಗೆಯಲು ಹೋಗಿ, ತಾಂಡೂರಿನ ಬಂಡೆಗೆ ಕೊಡುವ ಹೊಳಪನ್ನು ಅಣ್ಣ ಕಬ್ಬಿಣಕ್ಕೆ ಕೊಟ್ಟಿದ್ದ.

"ಅಕ್ಕ, ಇದೇ ತಪ್ಪಾಗ್ಯಾದ" ಎಂದ ಮಿಸ್ತ್ರಿ. ಅವನ ದನಿಯೂ ಇಳಿದಿತ್ತು. ಗೋಡೆಯ ಮೇಲೆ ಒಂದಕ್ಕೊಂದು ಅಡ್ಡಹಾಯುವ ಸಣ್ಣ ಗೀರುಗಳಿರಬೇಕಂತೆ. ಅವುಗಳಲ್ಲಿ ಎಣ್ಣೆ ನಿಲ್ಲುತ್ತದೆ, ಹೊಸ ರಿಂಗು ಅದಕ್ಕೆ ಉಜ್ಜಿಕೊಂಡು ಕೂಡುತ್ತದೆ. ಇಷ್ಟು ನಯವಾದರೆ ರಿಂಗು ಎಂದಿಗೂ ಕೂಡುವುದಿಲ್ಲ. "ಒರಟು ಕಲ್ಲು ಹಾಕಿ ಪೂರಾ ಗೀರಬೇಕು. ಒಳಗಿನ ಅಳತಿ ಇನ್ನಾ ಕೆಟ್ಟಿಲ್ಲ, ಗೀರಿದ್ರೂ ನಡೀತದ."

ನನ್ನ ಮೈಯೆಲ್ಲ ಉರಿಯಿತು. ಬಾಯಿಗೆ ಬಂದ ಹಾಗೆ ಬೈದೆ. ಊರವರ ಮನೆಗಳಿಗೆಲ್ಲ ನೆಲ ಹೊಳಪಿಸಿ ಕಳಿಸಿದವನು, ತನ್ನ ಮನೆಗೆ ಅಂತ ಹೊಳಪಿಸಿದ್ದು ಇದೊಂದೇ, ಮುಟ್ಟಿದರೆ ನೋಡು ಎಂದೆ. ಹೈದರಾಬಾದಿಗೆ ಒಯ್ಯುತ್ತೇನೆ, ಬೇರೆಯವರಿಗೆ ತೋರಿಸುತ್ತೇನೆ ಎಂದೂ ಕೂಗಾಡಿದೆ.

ಅಷ್ಟು ಹೊತ್ತೂ ಕಟ್ಟೆಯ ಮೇಲೆ ಕೂತಿದ್ದ ವೈನಿ ಎದ್ದು ಬಂದಳು. "ಇದನ್ನ ಪೂಜಿ ಮಾಡ್ಕೋತ ಕೂಡ್ಲೇನವ್ವ ನಾ? ನಾಳಿ ಕಾರ್ಖಾನಿಗಿ ಹೋಗಿ ನನಗೂ ಆ ಕೆಮ್ಮು ಹತ್ತಿದ್ರ, ನೀ ಬಂದು ನೋಡ್ತೀ?"

ನಾನು ಇಂಜಿನ್ನಿನ ಮುಂದಿನಿಂದ ಸರಿದು ನಿಂತೆ. ಮಿಸ್ತ್ರಿ ಒರಟು ಕಲ್ಲಿನ ತುಂಡು ತೆಗೆದಾಗ ಅವಳು ಕೈ ಚಾಚಿದಳು. "ನನಗ ಕೊಡ್ರಿ. ಬ್ಯಾರೇದವರ ಕೈ ಬ್ಯಾಡ."

ಮಿಸ್ತ್ರಿ ತೋರಿಸಿದ ಹಾಗೆ, ತಿರುವುತ್ತ ಮೇಲೆ, ತಿರುವುತ್ತ ಕೆಳಗೆ ಉಜ್ಜಿದಳು. ಹೊಳಪು ಅಷ್ಟು ಸುಲಭಕ್ಕೆ ಬಿಡಲಿಲ್ಲ. ಅಣ್ಣನ ಕೆಲಸ ಅಷ್ಟು ಗಟ್ಟಿ. ಅವಳ ತೋಳು ಸೋತಾಗ ನಾನು ಕಲ್ಲು ಇಸಿದುಕೊಂಡೆ. ಮುಂದಿನದನ್ನು ನಾನು ಗೀರಿದೆ. ಕಣ್ಣು ಮಂಜಾಗಿ ಏನೂ ಕಾಣುತ್ತಿರಲಿಲ್ಲ, ಕೈಯ ಅಂದಾಜಿನ ಮೇಲೆ ಗೀರಿದೆ.

ತೊಳೆದು ಮತ್ತೆ ಜೋಡಿಸಿದ ಮೇಲೆ ಹ್ಯಾಂಡಲ್ ಹಿಡಿದವಳು ವೈನಿಯೇ. ಚಕ್ರ ಅವಳನ್ನು ಹಿಂದಕ್ಕೆ ದಬ್ಬಿತು. ಮತ್ತೆ ಹೊಡೆದಳು. ಹೊಗೆ ಬಂತು, ಇಂಜಿನ್ ಹಿಡಿದುಕೊಂಡಿತು, ಈ ಸಲ ನಿಲ್ಲಲಿಲ್ಲ. ಮಿಸ್ತ್ರಿ ಗೆದ್ದವನ ಹಾಗೆ ಚಪ್ಪಾಳೆ ತಟ್ಟಿದ.

ಮಣ್ಣು ಮಾಡುವ ದಿನ ಒಂದು ಹನಿ ಕಣ್ಣೀರು ಹಾಕದೆ ಓಣಿಯವರ ಬಾಯಿಗೆ ಸಿಕ್ಕಿದ್ದ ವೈನಿ, ಓಡುವ ಇಂಜಿನ್ನಿನ ಪಕ್ಕ ನೆಲದ ಮೇಲೆ ಕುಸಿದು ಕೂತು ಅತ್ತಳು. ನನ್ನ ಕೈ ಹಿಡಿದು, ಸದ್ದಿನ ಮೇಲೆ ಕೇಳಲೆಂದು ಕಿವಿಯ ಹತ್ತಿರ ಬಾಯಿ ತಂದಳು.

"ಈಗ ಹೋದ್ರು ನೋಡವ್ವ, ನಿಮ್ಮಣ್ಣ."